ಸಿಗರೇಟಿನ ಪೊಟ್ಟಣದೊಳಗಿನ ಚಿತ್ರಗಳು: ಹಳೆಯ ಬೇಸ್‌ಬಾಲ್ ಕಾರ್ಡುಗಳ ಸಂಗ್ರಹವೂ ಪರೀಕ್ಷೆಯೂ

ಅಗಲದಲ್ಲಿ ನಮ್ಮ ಬೆಂಕಿಪೊಟ್ಟಣದಷ್ಟು, ಉದ್ದದಲ್ಲಿ ಅದಕ್ಕಿಂತ ಒಂದು ಬೆರಳಗಲ ಹೆಚ್ಚು. ಇಷ್ಟೇ ಗಾತ್ರದ ಒಂದು ರಟ್ಟಿನ ತುಂಡು. ಅದರ ಒಂದು ಮಗ್ಗುಲಲ್ಲಿ ಕಿತ್ತಳೆ ಬಣ್ಣದ ಹಿನ್ನೆಲೆಯಲ್ಲಿ ಒಬ್ಬ ಆಟಗಾರನ ಎದೆಮಟ್ಟದ ಚಿತ್ರ. ಇನ್ನೊಂದು ಮಗ್ಗುಲಲ್ಲಿ ಸಿಗರೇಟಿನ ಜಾಹೀರಾತು. ಇಂತಹ ಒಂದು ತುಂಡು 2022ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 72 ಲಕ್ಷ 50 ಸಾವಿರ ಡಾಲರುಗಳಿಗೆ ಕೈ ಬದಲಾಯಿಸಿತು. ಅದು ಹೊಚ್ಚ ಹೊಸದರಂತೆ ಕಾಪಾಡಿಕೊಂಡು ಬಂದ ವಸ್ತುವಾಗಿತ್ತೆಂದು ವಾಚಕರು ಊಹಿಸಬಹುದು. ಹಾಗಿರಲಿಲ್ಲ. ಕಾರ್ಡುಗಳ ಸ್ಥಿತಿಯನ್ನು ಅಳೆದು 1ರಿಂದ 10ರವರೆಗೆ ಅಂಕ ಕೊಡುವ ಸಂಸ್ಥೆಯೊಂದು ಅದಕ್ಕೆ ಕೊಟ್ಟಿದ್ದ ದರ್ಜೆ ಕೇವಲ 2.

ಇದೇ ಚಿತ್ರದ ಮತ್ತೊಂದು ಕಾರ್ಡು ಉಂಟು. ಅದರ ದರ್ಜೆ 8. ಅಂಚುಗಳು ಕತ್ತಿಯ ಅಲಗಿನಂತೆ ನೇರ, ಮೂಲೆಗಳು ಸೂಜಿಯ ಮೊನೆಯಂತೆ ಚೂಪು. ಜಗತ್ತಿನಲ್ಲೇ ಅತಿ ಪ್ರಸಿದ್ಧವಾದ ಕಾರ್ಡೆಂದು ಅದನ್ನು ಬಹುಕಾಲ ಕೊಂಡಾಡಿದರು. ಆದರೆ ಅದರ ಅಂದಚೆಂದಗಳ ಹಿಂದೆ ಒಂದು ಕತ್ತರಿಯ ಕೆಲಸ ಅಡಗಿತ್ತು. ಈ ಎರಡು ಕಾರ್ಡುಗಳ ಕಥೆಯನ್ನು ತಿಳಿಯಬೇಕಾದರೆ ಕಾಗದ, ಬಣ್ಣ, ಮುದ್ರಣ, ಬೆಳಕು ಇವುಗಳ ವಿಜ್ಞಾನವನ್ನೂ, ಅಳತೆ ಎಂಬುದು ಎಷ್ಟರಮಟ್ಟಿಗೆ ಸತ್ಯವನ್ನು ಹಿಡಿಯಬಲ್ಲದು ಎಂಬುದನ್ನೂ ನಾವು ಸ್ವಲ್ಪ ವಿಚಾರಿಸಬೇಕಾಗುತ್ತದೆ.

ಹೊಗೆಸೊಪ್ಪಿನ ಜೊತೆಗೆ ಬಂದ ಆಟಗಾರರು

ಬೇಸ್‌ಬಾಲ್ ಎಂಬುದು ಕ್ರಿಕೆಟ್ಟಿನಂತೆಯೇ ದಾಂಡು ಚೆಂಡುಗಳ ಆಟ. ಅಮೆರಿಕದವರಿಗೆ ಅದರ ಮೇಲಿರುವ ಮೋಹ ನಮ್ಮವರಿಗೆ ಕ್ರಿಕೆಟ್ಟಿನ ಮೇಲಿರುವುದಕ್ಕಿಂತ ಕಡಮೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಆಟವೂ ಸಿಗರೇಟಿನ ವ್ಯಾಪಾರವೂ ಒಟ್ಟಿಗೆ ಬೆಳೆದವು. ಅದುವರೆಗೆ ಸಿಗರೇಟುಗಳನ್ನು, ನಮ್ಮ ಬೀಡಿಗಳಂತೆಯೇ, ಕೈಯಿಂದ ಸುತ್ತುತ್ತಿದ್ದರು. 1880ರ ಸುಮಾರಿಗೆ ಜೇಮ್ಸ್ ಬಾನ್ಸಾಕ್ ಎಂಬ ತರುಣನು ನಿರ್ಮಿಸಿದ ಯಂತ್ರವು ನಿಮಿಷಕ್ಕೆ ಸುಮಾರು ಇನ್ನೂರು ಸಿಗರೇಟುಗಳನ್ನು ಸುತ್ತತೊಡಗಿತು. ಸರಕು ರಾಶಿ ಬಿದ್ದಿತು. ಅದನ್ನು ಕೊಳ್ಳುವವರನ್ನು ಹುಡುಕಬೇಕಾಯಿತು. ತೆಳುವಾದ ಕಾಗದದ ಪೊಟ್ಟಣ ಬಾಗಿ ಸಿಗರೇಟು ಮುರಿಯದಿರಲೆಂದು ಒಳಗೆ ಒಂದು ರಟ್ಟಿನ ತುಂಡನ್ನು ಇಡುವ ವಾಡಿಕೆ ಇತ್ತು. ಆ ಬರಿಯ ರಟ್ಟಿನ ಮೇಲೆ ಒಂದು ಚಿತ್ರವನ್ನು ಅಚ್ಚುಮಾಡಿದರೆ, ಒಂದಾದ ಮೇಲೊಂದು ಚಿತ್ರಕ್ಕಾಗಿ ಜನ ಒಂದಾದ ಮೇಲೊಂದು ಪೊಟ್ಟಣ ಕೊಳ್ಳುವರೆಂಬ ಯುಕ್ತಿ ವ್ಯಾಪಾರಿಗಳಿಗೆ ಹೊಳೆಯಿತು. ಹಾಗೆ 1880ರ ದಶಕದಲ್ಲಿ ಗುಡ್‌ವಿನ್ ಕಂಪೆನಿ, ಆಲನ್ ಮತ್ತು ಗಿಂಟರ್ ಕಂಪೆನಿ ಮೊದಲಾದವು ಆಟಗಾರರ ಕಾರ್ಡುಗಳನ್ನು ಹೊರಡಿಸಿದವು. ತಂದೆ ಸಿಗರೇಟು ಸೇದಿದರೆ ಮಗನಿಗೆ ಚಿತ್ರ. ಈ ವ್ಯವಸ್ಥೆಯಲ್ಲಿ ಮಕ್ಕಳನ್ನು ಹೊಗೆಸೊಪ್ಪಿನ ಅಂಗಡಿಗೆ ಎಳೆಯುವ ದುರುದ್ದೇಶವೂ ಇಲ್ಲದಿರಲಿಲ್ಲವೆಂದು ಇಂದು ನಾವು ಹೇಳಬೇಕಾಗುತ್ತದೆ.

1890ರಲ್ಲಿ ಜೇಮ್ಸ್ ಬ್ಯೂಕನನ್ ಡ್ಯೂಕ್ ಎಂಬ ವ್ಯಾಪಾರಿ ಐದು ದೊಡ್ಡ ಕಂಪೆನಿಗಳನ್ನು ಒಂದುಗೂಡಿಸಿ ಅಮೆರಿಕನ್ ಟೊಬ್ಯಾಕೊ ಕಂಪೆನಿಯನ್ನು ಕಟ್ಟಿದರು. ಎದುರಾಳಿಗಳಿಲ್ಲವೆಂದ ಮೇಲೆ ಚಿತ್ರಗಳ ಆಮಿಷವೇತಕ್ಕೆ? ಕಾರ್ಡುಗಳು ವಿರಳವಾದವು. ಆದರೆ 1909ರಿಂದ 1911ರ ವರೆಗೆ ಅದೇ ಕಂಪೆನಿ ತನ್ನ ಹದಿನಾರು ಮುದ್ರೆಯ ಹೊಗೆಸೊಪ್ಪುಗಳೊಡನೆ ಬಿಳಿಯ ಅಂಚಿನ ಬಣ್ಣದ ಕಾರ್ಡುಗಳ ಒಂದು ದೊಡ್ಡ ಮಾಲೆಯನ್ನು ಹಂಚಿತು. ಪೀಡ್‌ಮಾಂಟ್, ಸ್ವೀಟ್ ಕೆಪೋರಲ್ ಎಂಬವು ಅವುಗಳಲ್ಲಿ ಹೆಚ್ಚು ಬಳಕೆಯವು. ‘ಹಿಂದೂ’ ಎಂಬ ಹೆಸರಿನ ಒಂದು ಸಿಗರೇಟೂ ಇತ್ತೆಂಬುದು ನಮಗೆ ವಿನೋದವಾಗಿ ತೋರೀತು. ಈ ಮಾಲೆಗೆ ಸಂಗ್ರಾಹಕರು ‘ಟಿ-206’ ಎಂದು ಕರೆಯುತ್ತಾರೆ. ‘ಟಿ’ ಎಂಬುದು ಟೊಬ್ಯಾಕೊ ಎಂಬ ಪದದ ಮೊದಲಕ್ಷರ. ಸಂಖ್ಯೆಯನ್ನು ಕೊಟ್ಟವರು ಜೆಫರ್ಸನ್ ಬರ್ಡಿಕ್ ಎಂಬ ಮಹನೀಯರು. ಅವರ ವಿಚಾರ ಮುಂದೆ ಬರುವುದು. ಮಾಲೆಯಲ್ಲಿ ಸಾಮಾನ್ಯವಾಗಿ 524 ಚಿತ್ರಗಳನ್ನು ಎಣಿಸುತ್ತಾರೆ. ಪ್ರತಿ ಕಾರ್ಡಿನ ಬೆನ್ನಿನಲ್ಲಿ ಸಿಗರೇಟಿನ ಹೆಸರಿನ ಜೊತೆಗೆ ಅದು ಹೊರಟ ಕಾರ್ಖಾನೆಯ ಸಂಖ್ಯೆಯೂ ಇರುವುದುಂಟು: ವರ್ಜೀನಿಯಾದ 25ನೆಯ ಕಾರ್ಖಾನೆ, ನ್ಯೂಯಾರ್ಕಿನ 30ನೆಯ ಕಾರ್ಖಾನೆ ಎಂದು ಮುಂತಾಗಿ. ಒಂದೇ ಮುಖಕ್ಕೆ ಹಲವು ಬೆನ್ನುಗಳು ಇರುವುದರಿಂದ ಈ ಮಾಲೆಯನ್ನು ಸಂಪೂರ್ಣವಾಗಿ ಕೂಡಿಹಾಕಿದೆನೆಂದು ಹೇಳುವುದು ಸುಲಭಸಾಧ್ಯವಲ್ಲ.

ಇವುಗಳಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರರ ಕಾರ್ಡು ಅತಿ ದುರ್ಲಭ. ಪಿಟ್ಸ್‌ಬರ್ಗ್ ನಗರದ ತಂಡದಲ್ಲಿ ಆಡುತ್ತಿದ್ದ ವ್ಯಾಗ್ನರ್, ಎಂಟು ವರ್ಷ ತಮ್ಮ ಲೀಗಿನ ದಾಂಡಿಗರಲ್ಲಿ ಅಗ್ರಸ್ಥಾನ ಪಡೆದವರು. 1936ರಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಆರಿಸಲ್ಪಟ್ಟ ಮೊದಲ ಐವರಲ್ಲಿ ಒಬ್ಬರು. ಅವರ ಕಾರ್ಡಿನ ಅಚ್ಚು ಬೇಗನೆ ನಿಂತುಹೋಯಿತು. ಮಕ್ಕಳು ತಮ್ಮ ಚಿತ್ರಕ್ಕಾಗಿ ಸಿಗರೇಟು ಕೊಳ್ಳಬಾರದೆಂದು ಅವರು ತಡೆದರೆಂದು ಒಂದು ಕಥೆ. ಚಿತ್ರಕ್ಕೆ ಹಣ ಕೊಡಲಿಲ್ಲವೆಂದು ತಡೆದರೆಂದು ಇನ್ನೊಂದು. ವ್ಯಾಗ್ನರ್ ತಾವೇ ಹೊಗೆಸೊಪ್ಪು ಜಗಿಯುತ್ತಿದ್ದವರಾದುದರಿಂದ ಎರಡನೆಯ ಕಥೆಯನ್ನು ನಂಬುವವರೂ ಉಂಟು. ಕಾರಣವೇನಿದ್ದರೂ, ಇಂದು ಉಳಿದಿರುವ ವ್ಯಾಗ್ನರ್ ಕಾರ್ಡುಗಳು ಸುಮಾರು ಐವತ್ತು ಅರವತ್ತು ಮಾತ್ರ ಎಂದು ಅಂದಾಜು.

ಕಲ್ಲಿನಿಂದ ಬಂದ ಬಣ್ಣ

ಈ ಚಿತ್ರಗಳನ್ನು ಅಚ್ಚುಮಾಡಿದುದು ಶಿಲಾಮುದ್ರಣ ಎಂಬ ವಿಧಾನದಿಂದ. 1796ರ ಸುಮಾರಿಗೆ ಜರ್ಮನಿಯಲ್ಲಿ ಆಲೋಯಿಸ್ ಸೆನೆಫೆಲ್ಡರ್ ಇದನ್ನು ಕಂಡುಹಿಡಿದರು. ತತ್ತ್ವ ಬಹಳ ಸರಳ: ಎಣ್ಣೆಗೂ ನೀರಿಗೂ ಸೇರದು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಅದಕ್ಕೆ ತಕ್ಕ ಸಂಸ್ಕಾರ ಮಾಡಿ, ಕಲ್ಲನ್ನು ಒದ್ದೆಮಾಡಿದರೆ ಬರೆಯದ ಭಾಗ ನೀರನ್ನು ಹೀರುವುದು. ಬರೆದ ಭಾಗ ನೀರನ್ನು ನೂಕುವುದು. ಮೇಲೆ ಎಣ್ಣೆಯ ಶಾಯಿಯನ್ನು ಸವರಿದರೆ ಅದು ಜಿಡ್ಡಿನ ಗೆರೆಗಳಿಗೆ ಮಾತ್ರ ಅಂಟುವುದು. ಕಾಗದವನ್ನಿಟ್ಟು ಒತ್ತಿದರೆ ಚಿತ್ರ ಮೂಡುವುದು.

ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಪಡಿಯಚ್ಚು ಬೇಕು. ಹಳದಿಯನ್ನು ಒತ್ತಿ, ಅದು ಆರಿದ ಮೇಲೆ ಮತ್ತೊಂದು, ಆಮೇಲೆ ಇನ್ನೊಂದು ಎಂದು ಒಂದೇ ಹಾಳೆಯನ್ನು ಹಲವು ಸಲ ಯಂತ್ರಕ್ಕೆ ಕೊಡಬೇಕು. ಒಂದು ಸಲ ಹಾಳೆ ಕೂದಲೆಳೆಯಷ್ಟು ಸರಿದರೂ ಆಟಗಾರನ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ. ಒಂದು ಬಣ್ಣವೇ ಬೀಳದ ಕಾರ್ಡುಗಳೂ ಇವೆ. ಶೆರ್ರಿ ಮಗೀ ಎಂಬ ಆಟಗಾರನ ಹೆಸರಿನಲ್ಲಿ ಒಂದಕ್ಷರ ತಪ್ಪಿ, ತಪ್ಪನ್ನು ಕಂಡ ಕೂಡಲೆ ತಿದ್ದಿದ್ದರಿಂದ, ತಿದ್ದದ ಕೆಲವೇ ಕಾರ್ಡುಗಳಿಗೆ ಇಂದು ಬಂಗಾರದ ಬೆಲೆ. ಮುದ್ರಣಾಲಯದವನ ಕಣ್ತಪ್ಪು ಸಂಗ್ರಾಹಕನ ಭಾಗ್ಯ!

ಅಚ್ಚಾದ ದೊಡ್ಡ ಹಾಳೆಗಳನ್ನು ಅಡುಕಾಗಿ ಪೇರಿಸಿ, ಭಾರವಾದ ಅಲಗಿನಿಂದ ಕತ್ತರಿಸುತ್ತಿದ್ದರು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕಾರ್ಡಿನ ನಿಗದಿಯಾದ ಅಳತೆ ಅಗಲ 1 7/16 ಅಂಗುಲ, ಉದ್ದ 2 5/8 ಅಂಗುಲ. ಅಂದರೆ ಸುಮಾರು 36.5 ಮತ್ತು 66.7 ಮಿಲಿಮೀಟರು. ಆದರೆ ಪೊಟ್ಟಣದಲ್ಲಿ ಹಿಡಿದರೆ ಸಾಕೆಂಬ ಸರಕಿಗೆ ಸೂಕ್ಷ್ಮವಾದ ಅಳತೆ ಯಾರಿಗೆ ಬೇಕಾಗಿತ್ತು? ಹಾಳೆ ಓರೆಯಾಗಿ ಕುಳಿತರೆ ಕಾರ್ಡೂ ಓರೆ. ಕೆಲವು ಕಾರ್ಡುಗಳು ನಿಗದಿಗಿಂತ ಕಿರಿದಾಗಿಯೂ ಕೆಲವು ಹಿರಿದಾಗಿಯೂ ಹುಟ್ಟಿದವು. ಈ ಸಣ್ಣ ಅಲಕ್ಷ್ಯದಿಂದಲೇ ಮುಂದೆ ದೊಡ್ಡ ಮೋಸಕ್ಕೆ ಅವಕಾಶ ದೊರಕಿತು.

ದರ್ಜೆ ಎಂದರೇನು?

ಒಂದು ಕಾಲಕ್ಕೆ ಈ ಕಾರ್ಡುಗಳ ಬೆಲೆ ಕೆಲವು ಸೆಂಟುಗಳು ಮಾತ್ರ. ಬರ್ಡಿಕ್ಕರ ಪಟ್ಟಿಯಲ್ಲಿ ವ್ಯಾಗ್ನರ್ ಕಾರ್ಡಿಗೆ 50 ಡಾಲರು ಎಂದು ಬರೆದುದೇ ಆಗ ಬೆರಗಿನ ಸಂಗತಿಯಾಗಿತ್ತು. ಬೆಲೆ ಏರಿದಂತೆ ಜಗಳವೂ ಏರಿತು. ಮಾರುವವನು ‘ಹೊಸದರಂತಿದೆ’ ಎನ್ನುವನು. ಕೊಳ್ಳುವವನು ‘ಮೂಲೆ ಸವೆದಿದೆ’ ಎನ್ನುವನು. ಇಬ್ಬರಿಗೂ ಸೇರದ ಮೂರನೆಯವನು ಬೇಕಾಯಿತು. 1991ರಲ್ಲಿ ಪ್ರೊಫೆಷನಲ್ ಸ್ಪೋರ್ಟ್ಸ್ ಆಥೆಂಟಿಕೇಟರ್ ಎಂಬ ಸಂಸ್ಥೆ ಹುಟ್ಟಿದುದು ಹೀಗೆ. ಇಂದು ಇಂತಹ ಸಂಸ್ಥೆಗಳು ಹಲವು ಇವೆ. ಶುಲ್ಕ ತೆಗೆದುಕೊಂಡು ಕಾರ್ಡನ್ನು ಪರೀಕ್ಷಿಸಿ, ಅಸಲಾದುದೇ ಎಂದು ನೋಡಿ, 1ರಿಂದ 10ರ ವರೆಗೆ ಅಂಕ ಕೊಟ್ಟು, ಗಟ್ಟಿಯಾದ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುತ್ತಾರೆ. ಕವಚದ ಎರಡು ಹೋಳುಗಳನ್ನು ಕಿವಿಗೆ ಕೇಳಿಸದ ಅತಿವೇಗದ ಕಂಪನಗಳಿಂದ ಒಂದಕ್ಕೊಂದು ತಿಕ್ಕಿಸಿ, ಆ ಬಿಸಿಯಲ್ಲೇ ಬೆಸೆಯುತ್ತಾರೆ. ಒಡೆಯದೆ ತೆರೆಯಲಾಗದು.

ಪರೀಕ್ಷಕನು ನೋಡುವುದು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು: ಚಿತ್ರ ನಡುವಿನಲ್ಲಿ ಕುಳಿತಿದೆಯೇ, ಮೂಲೆಗಳು ಹೇಗಿವೆ, ಅಂಚುಗಳು ಹೇಗಿವೆ, ಮೇಲ್ಮೈ ಹೇಗಿದೆ. ಮೊದಲನೆಯದನ್ನು ಅಂಕಿಯಿಂದ ಹೇಳಬಹುದು. ಎಡಗಡೆಯ ಬಿಳಿ ಅಂಚು 3 ಮಿಲಿಮೀಟರು, ಬಲಗಡೆಯದು 2 ಮಿಲಿಮೀಟರು ಇದ್ದರೆ, ಒಟ್ಟು 5ರಲ್ಲಿ ಅವುಗಳ ಪಾಲು ನೂರಕ್ಕೆ 60 ಮತ್ತು 40. ಚಿತ್ರ ಇದಕ್ಕಿಂತ ಹೆಚ್ಚು ಸರಿದಿದ್ದರೆ ಮೇಲಿನ ದರ್ಜೆಗಳ ಆಸೆಯನ್ನು ಬಹುಮಟ್ಟಿಗೆ ಬಿಡಬೇಕಾಗುವುದು. ಮಿಕ್ಕ ಮೂರು ಸಂಗತಿಗಳು ಕಣ್ಣಿಗೂ ಅನುಭವಕ್ಕೂ ಬಿಟ್ಟವು. ಒಂದು ಮೂಲೆ ಎಷ್ಟು ಸವೆದರೆ ದರ್ಜೆ 6, ಎಷ್ಟು ಸವೆದರೆ 5? ಇದನ್ನು ಹೇಳುವ ಮಾಪಕವಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಉಷ್ಣಮಾಪಕದಲ್ಲಿ 20ಕ್ಕೂ 30ಕ್ಕೂ ಇರುವ ಅಂತರ, 30ಕ್ಕೂ 40ಕ್ಕೂ ಇರುವ ಅಂತರ ಎರಡೂ ಒಂದೇ. ಕಾರ್ಡಿನ ದರ್ಜೆ ಹಾಗಲ್ಲ. ಅದು ತರಗತಿಯಲ್ಲಿ ಹುಡುಗರನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ ಎಣಿಸಿದಂತೆ. ಐದನೆಯವನು ಆರನೆಯವನಿಗಿಂತ ಕುಳ್ಳನೆಂದು ತಿಳಿಯುವುದೇ ಹೊರತು ಎಷ್ಟು ಕುಳ್ಳನೆಂಬುದು ತಿಳಿಯದು. ಅದಲ್ಲದೆ, ಒಂದೇ ಕಾರ್ಡನ್ನು ಕವಚ ಒಡೆದು ಮತ್ತೊಮ್ಮೆ ಕಳುಹಿಸಿದರೆ ಬೇರೆ ಅಂಕ ಬರುವುದೂ ಉಂಟು. ಇದನ್ನು ಬಲ್ಲ ಕೆಲವರು ಮೇಲಿನ ಅಂಕ ಬರುವ ತನಕ ಮತ್ತೆ ಮತ್ತೆ ಕಳುಹಿಸುತ್ತಾರೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ತನಗೆ ಬೇಕಾದ ಉತ್ತರ ಬರುವವರೆಗೆ ಪ್ರಯೋಗವನ್ನು ಪುನಃ ಮಾಡಿ, ಹಿಂದಿನವನ್ನು ಹರಿದೆಸೆದರೆ ಗುರುಗಳು ಏನೆನ್ನುವರು? ಇಲ್ಲಿ ಒಂದು ಅಂಕದ ಅಂತರವೆಂದರೆ ಸಾವಿರಾರು ಡಾಲರುಗಳು, ಕೇಳುವ ಗುರುಗಳಿಲ್ಲ.

ಕಾಗದವೂ ಮುದಿಯಾಗುವುದು

ನೂರು ವರ್ಷ ಬದುಕಿದ ರಟ್ಟು ಆ ವಯಸ್ಸನ್ನು ತೋರಿಸಲೇಬೇಕು. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಸೆಲ್ಯುಲೋಸಿನ ನಾರುಗಳ ಜೊತೆಗೆ ಲಿಗ್ನಿನ್ ಎಂಬ ವಸ್ತು ಉಳಿದಿದ್ದರೆ, ಅದು ಗಾಳಿ ಬೆಳಕುಗಳ ಸಂಪರ್ಕದಿಂದ ಹಳದಿಯಾಗುತ್ತದೆ. ಶಾಯಿ ಹರಡದಿರಲೆಂದು ಆ ಕಾಲದ ಕಾಗದಕ್ಕೆ ರಾಳವನ್ನೂ ಪಟಿಕವನ್ನೂ ಸೇರಿಸುತ್ತಿದ್ದರು. ಅದರಿಂದ ಉಂಟಾದ ಆಮ್ಲವು ಸೆಲ್ಯುಲೋಸಿನ ಉದ್ದನೆಯ ಸರಪಣಿಗಳನ್ನು ಮೆಲ್ಲಮೆಲ್ಲನೆ ತುಂಡರಿಸುತ್ತದೆ. ತೇವವೂ ಬಿಸಿಯೂ ಹೆಚ್ಚಿದಂತೆ ಈ ಕೆಲಸ ಬಿರುಸಾಗುವುದು. ನಮ್ಮ ಮನೆಗಳ ಅಟ್ಟದಲ್ಲಿನ ಹಳೆಯ ಪುಸ್ತಕಗಳು ಮುಟ್ಟಿದರೆ ಮುರಿಯುವುದಕ್ಕೂ ಇದೇ ಕಾರಣ. ಆದಕಾರಣ ಹಳೆಯ ಕಾರ್ಡಿನ ಬಿಳಿಯ ಅಂಚು ಕೆನೆಯ ಬಣ್ಣಕ್ಕೆ ತಿರುಗಿರುವುದು ಸಹಜ. ಹಾಲಿನಂತೆ ಬೆಳ್ಳಗಿದ್ದರೆ ಅದನ್ನು ಯಾರೋ ರಾಸಾಯನಿಕದಿಂದ ತೊಳೆದಿರಬಹುದೆಂದು ಅನುಮಾನಿಸಬೇಕು. ಪುಸ್ತಕದಲ್ಲಿ ಅಂಟಿಸಿದ್ದ ಕಾರ್ಡನ್ನು ಬರಿಯ ನೀರಿನಲ್ಲಿ ನೆನೆಸಿ ಬಿಡಿಸುವುದನ್ನು ಬಹು ಜನ ಸಂಗ್ರಾಹಕರು ತಪ್ಪೆನ್ನುವುದಿಲ್ಲ. ಎಣ್ಣೆಯ ಶಾಯಿಯಾದುದರಿಂದ ಅದು ನೀರಿಗೆ ಕರಗದು. ನೀರಿಗೆ ಮತ್ತೇನಾದರೂ ಬೆರೆಸಿದರೆ ಅದು ಮೋಸ. ಗೆರೆ ಎಲ್ಲಿದೆ ಎಂಬ ವಿಚಾರದಲ್ಲಿ ಅವರಲ್ಲೇ ಇಂದಿಗೂ ವಾದವಿದೆ.

ನಕಲನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ. ಒಂದು ಒಳ್ಳೆಯ ಭೂತಕನ್ನಡಿ ಸಾಕು. ಅಸಲು ಕಾರ್ಡಿನಲ್ಲಿ ಆಟಗಾರನ ಹೆಸರಿನ ಅಕ್ಷರಗಳು ಕಂದು ಶಾಯಿಯಲ್ಲಿ ಒಂದೇ ಸಮನಾಗಿ, ಎಡೆಬಿಡದೆ ತುಂಬಿರುತ್ತವೆ. ಇತ್ತೀಚಿನ ನಕಲುಗಳಲ್ಲಿ ಇಡೀ ಕಾರ್ಡಿನ ಛಾಯಾಚಿತ್ರ ತೆಗೆದು ನಾಲ್ಕು ಬಣ್ಣದ ಚುಕ್ಕೆಗಳಿಂದ ಅಚ್ಚುಮಾಡುವುದರಿಂದ, ಅಕ್ಷರಗಳೂ ಚುಕ್ಕೆ ಚುಕ್ಕೆಯಾಗಿ ಒಡೆದು ಕಾಣುತ್ತವೆ. ವಾಚಕರು ಯಾವುದಾದರೂ ವಾರಪತ್ರಿಕೆಯ ಬಣ್ಣದ ಚಿತ್ರವನ್ನು ಭೂತಕನ್ನಡಿಯಲ್ಲಿ ನೋಡಿದರೆ ಕ್ರಮವಾಗಿ ಜೋಡಿಸಿದ ಈ ಚುಕ್ಕೆಗಳನ್ನು ತಾವೇ ಕಾಣಬಹುದು.

ಎರಡನೆಯ ಪರೀಕ್ಷೆ ನೇರಳಾತೀತ ಕಿರಣಗಳದು. 1940ರ ದಶಕದ ಕೊನೆಯ ಭಾಗದಿಂದ ಈಚೆಗೆ ಕಾಗದವನ್ನು ಹೆಚ್ಚು ಬೆಳ್ಳಗೆ ತೋರಿಸಲು ಅದಕ್ಕೆ ಕೆಲವು ರಾಸಾಯನಿಕಗಳನ್ನು ಬೆರೆಸುವ ಪದ್ಧತಿ ಬಂದಿತು. ಇವು ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಹೀರಿ, ಆ ಶಕ್ತಿಯನ್ನು ನೀಲಿಯ ಬೆಳಕಾಗಿ ಹೊರಚೆಲ್ಲುತ್ತವೆ. ಬಟ್ಟೆ ಒಗೆಯುವ ಪುಡಿಗಳಲ್ಲಿರುವುದೂ ಇಂತಹವೇ. ಆದುದರಿಂದ ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುವ ಕಾರ್ಡು 1910ರದಾಗಿರಲಾರದು. ನೋಟುಗಳನ್ನು ಪರೀಕ್ಷಿಸಲು ಬ್ಯಾಂಕುಗಳಲ್ಲಿ ಇಟ್ಟಿರುವ ದೀಪದ ಕೆಳಗೆ ಒಂದು ಬಿಳಿಯ ಬರೆಯುವ ಕಾಗದವನ್ನೂ ಒಂದು ಒಳ್ಳೆಯ ನೋಟನ್ನೂ ಹಿಡಿದು ನೋಡಿದರೆ ಭೇದ ತಿಳಿಯುವುದು: ಕಾಗದ ಹೊಳೆಯುತ್ತದೆ, ನೋಟಿನ ಕಾಗದ ಮಂಕಾಗಿರುತ್ತದೆ. ಆದರೆ ಈ ಪರೀಕ್ಷೆಗೆ ಒಂದೇ ಬಾಯಿ. ಹೊಳೆದರೆ ನಕಲು ಎನ್ನಬಹುದು. ಹೊಳೆಯದಿದ್ದರೆ ಅಸಲು ಎನ್ನಲಾಗದು. ಹಳೆಯ ಪುಸ್ತಕದ ಕೊನೆಯ ಖಾಲಿ ಹಾಳೆಯ ಮೇಲೆ ನಕಲು ಮಾಡಿದವನ ಕಾಗದವೂ ಹೊಳೆಯದು.

ಇವೆಲ್ಲ ನಕಲನ್ನು ಹಿಡಿಯುವ ಮಾತಾಯಿತು. ನಿಜವಾದ ತೊಡಕು ಬೇರೆ ಕಡೆ ಇದೆ. ಕಾಗದ ಅಸಲು, ಶಾಯಿ ಅಸಲು, ಮುದ್ರಣ ಅಸಲು. ಸವೆದ ಅಂಚನ್ನು ಮಾತ್ರ ಯಾರೋ ಹೊಸದಾಗಿ ಕತ್ತರಿಸಿದ್ದಾರೆ. ಆಗ ಏನು ಮಾಡುವುದು?

ಕತ್ತರಿಯ ಕಥೆ

ಮೂಲೆ ಮೊಂಡಾದ ಕಾರ್ಡಿನ ಅಂಚನ್ನು ಅರ್ಧ ಮಿಲಿಮೀಟರು ಕೊಯ್ದರೆ ಮೂಲೆ ಮತ್ತೆ ಚೂಪಾಗುವುದು. ಅಳತೆ ನಿಗದಿಗಿಂತ ಕಡಮೆಯಾದರೆ ಅಳತೆಕೋಲೇ ಹಿಡಿದುಕೊಡುವುದು. ಆದರೆ ಹುಟ್ಟುವಾಗಲೇ ಹಿರಿದಾಗಿದ್ದ ಕಾರ್ಡನ್ನು ಕೊಯ್ದರೆ? ಕೊಯ್ದ ಮೇಲೆ ಅದು ಸರಿಯಾಗಿ ನಿಗದಿಯಾದ ಅಳತೆಗೆ ಬಂದು ನಿಲ್ಲುತ್ತದೆ! ಅಳತೆಕೋಲು ಅದನ್ನು ಮೆಚ್ಚಿ ತಲೆದೂಗುವುದು. ಉಳಿದ ದಾರಿ ಸೂಕ್ಷ್ಮದರ್ಶಕವೊಂದೇ. ಹಳೆಯ ಅಂಚಿನ ನಾರುಗಳು ನೂರು ವರ್ಷದ ಧೂಳನ್ನೂ ಕೈಜಿಡ್ಡನ್ನೂ ಹೀರಿ ಮಾಸಿರುತ್ತವೆ. ಹೊಸದಾಗಿ ಕೊಯ್ದ ಅಂಚು ಒಳಗಿನ ಬಿಳುಪನ್ನು ತೋರಿಸುತ್ತದೆ. ಒಂದು ಅಂಚು ಮಿಕ್ಕ ಮೂರಕ್ಕಿಂತ ಬೇರೆಯಾಗಿ ಕಂಡರೆ ಅನುಮಾನ ಗಟ್ಟಿಯಾಗುವುದು. ಕುಶಲಿಯಾದ ವಂಚಕನು ಅಂಚಿಗೂ ಮುಪ್ಪಿನ ಬಣ್ಣ ಬಳಿಯಬಲ್ಲನೆಂಬುದನ್ನು ಹೇಳಬೇಕಾಗಿಲ್ಲ.

ಮೊದಲಲ್ಲಿ ಹೇಳಿದ ದರ್ಜೆ 8ರ ವ್ಯಾಗ್ನರ್ ಕಾರ್ಡಿನ ಕಥೆ ಇದೇ. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ಇದನ್ನು ಇತರ ಕೆಲವು ಕಾರ್ಡುಗಳೊಡನೆ 25,000 ಡಾಲರುಗಳಿಗೆ ಕೊಂಡರು. 1987ರಲ್ಲಿ ಅದು 1 ಲಕ್ಷ 10 ಸಾವಿರಕ್ಕೆ ಮಾರಾಟವಾಯಿತು. 1991ರಲ್ಲಿ ಸಾದಬಿ ಸಂಸ್ಥೆಯ ಹರಾಜಿನಲ್ಲಿ ಐಸ್ ಹಾಕಿ ಆಟದ ವಿಖ್ಯಾತ ಆಟಗಾರ ವೇಯ್ನ್ ಗ್ರೆಟ್ಸ್ಕಿಯವರು ಪಾಲುದಾರರೊಬ್ಬರೊಡನೆ 4 ಲಕ್ಷ 51 ಸಾವಿರ ಡಾಲರು ಕೊಟ್ಟು ಕೊಂಡರು. ಆ ವರ್ಷವೇ ಹುಟ್ಟಿದ್ದ ಪರೀಕ್ಷಣ ಸಂಸ್ಥೆ ತನ್ನ ಮೊಟ್ಟಮೊದಲ ಪ್ರಮಾಣಪತ್ರವನ್ನು ಕೊಟ್ಟುದು ಈ ಕಾರ್ಡಿಗೇ. 8 ಎಂಬ ಅಂಕ ಸಂಸ್ಥೆಗೂ ಕೀರ್ತಿ ತಂದಿತು, ಕಾರ್ಡಿಗೂ ಬೆಲೆ ತಂದಿತು. 2007ರಲ್ಲಿ ಅದು 28 ಲಕ್ಷ ಡಾಲರುಗಳಿಗೆ ಹೋಯಿತು. ಅಂಚುಗಳು ಅತಿಯಾಗಿ ಅಂದವಾಗಿವೆ ಎಂಬ ಪಿಸುಮಾತು ಬಲ್ಲವರಲ್ಲಿ ಮೊದಲಿನಿಂದಲೂ ಇತ್ತು. 2013ರಲ್ಲಿ, ತಮ್ಮ ಹರಾಜುಗಳಲ್ಲಿ ನಡೆದ ವಂಚನೆಗಳ ಸಂಬಂಧವಾಗಿ ನ್ಯಾಯಾಲಯದ ಮುಂದೆ ನಿಂತ ಮಾಸ್ಟ್ರೊ ತಪ್ಪೊಪ್ಪಿಕೊಂಡಾಗ, ಈ ಕಾರ್ಡಿನ ಪಕ್ಕದ ಅಂಚುಗಳನ್ನು ತಾವೇ ಕತ್ತರಿಸಿದ್ದುದನ್ನೂ ಒಪ್ಪಿಕೊಂಡರು. 2015ರಲ್ಲಿ ಅವರಿಗೆ 20 ತಿಂಗಳ ಸೆರೆಮನೆಯ ಶಿಕ್ಷೆಯಾಯಿತು.

ಪರೀಕ್ಷಕರು ಸುಳ್ಳು ಹೇಳಿದರೆಂದು ನಾವು ಹೇಳುವುದಿಲ್ಲ. ಮೂಲೆ ಚೂಪಾಗಿದೆಯೇ ಎಂಬ ಪ್ರಶ್ನೆಗೆ ‘ಹೌದು’ ಎಂಬುದು ಆಗಲೂ ಸರಿಯಾದ ಉತ್ತರವೇ. ಆದರೆ ಜನ ಕೇಳಬಯಸಿದ್ದು ಆ ಪ್ರಶ್ನೆಯನ್ನಲ್ಲ. ಈ ರಟ್ಟಿನ ತುಂಡು ನೂರು ವರ್ಷ ಯಾರ ಕೈಗೂ ಸವೆಯದೆ ಬಂದಿತೇ ಎಂಬುದನ್ನು. ಚೂಪುತನವನ್ನು ಕಣ್ಣು ಅಳೆಯಬಲ್ಲದು. ಕಳೆದ ಕಾಲವನ್ನು ಅದು ಊಹಿಸಬೇಕು. ಸವೆತವಿಲ್ಲದಿರುವಿಕೆಗೆ ಬಹುಮಾನ ಕೊಡುವ ಯಾವ ಅಳತೆಯೂ ಸವೆತವನ್ನು ಅಳಿಸುವವನಿಗೂ ಅದೇ ಬಹುಮಾನವನ್ನು ಕೊಡುವುದು. ದರ್ಜೆ 2ರ ಕಾರ್ಡು 2022ರಲ್ಲಿ ಅಷ್ಟು ಬೆಲೆಗೆ ಹೋದುದರಲ್ಲಿ ಆ ಹೊತ್ತಿನ ಪೇಟೆಯ ಬಿಸಿಯ ಪಾಲು ಎಷ್ಟೋ ಇದ್ದೀತು. ಆದರೂ ಮೊಂಡಾದ ಮೂಲೆಗಳನ್ನು ಕತ್ತರಿಸದೆ ಹಾಗೆಯೇ ಬಿಟ್ಟಿರುವ ಕಾರ್ಡಿನ ವಿಷಯದಲ್ಲಿ ಅನುಮಾನಕ್ಕೆ ಎಡೆ ಕಡಮೆ. ಅದೇ ವರ್ಷ ನಡುವೆ ಹರಿದ, ಅರ್ಧವೇ ಉಳಿದ ಒಂದು ವ್ಯಾಗ್ನರ್ ಕಾರ್ಡಿಗೂ ಸುಮಾರು 15 ಲಕ್ಷ ಡಾಲರು ಬಂದಿತು. ಅದಕ್ಕೆ ಅಂಕವಿಲ್ಲ, ‘ಅಸಲು’ ಎಂಬ ಮಾತೊಂದೇ.

ಇನ್ನೊಂದು ಬಗೆಯ ಪರೀಕ್ಷೆ ಈಚೆಗೆ ಬಳಕೆಗೆ ಬಂದಿದೆ. ನಮಗೆ ಇದು ಮಿಕ್ಕೆಲ್ಲಕ್ಕಿಂತ ಸ್ವಾರಸ್ಯವಾಗಿ ತೋರುತ್ತದೆ. ಯಂತ್ರದಲ್ಲಿ ಒಂದೇ ಅಚ್ಚಿನಿಂದ ಬಂದರೂ ಎರಡು ಕಾರ್ಡುಗಳು ಪೂರ್ತಿಯಾಗಿ ಒಂದೇ ಆಗಿರುವುದಿಲ್ಲ. ಒಂದರ ಮೂಲೆಯಲ್ಲಿ ಶಾಯಿಯ ಒಂದು ಚುಕ್ಕೆ ಹೆಚ್ಚು ಬಿದ್ದಿದೆ. ಇನ್ನೊಂದರಲ್ಲಿ ಒಂದು ನಾರು ಮೇಲೆದ್ದಿದೆ. ನಮ್ಮ ಬೆರಳ ಗುರುತಿನಂತೆ ಇದು ಆ ಕಾರ್ಡಿಗೆ ಮಾತ್ರ ಸೇರಿದ ಗುರುತು. ಹರಾಜು ಸಂಸ್ಥೆಗಳು ಹಲವು ವರ್ಷಗಳಿಂದ ಮಾರಿದ ಕಾರ್ಡುಗಳ ಛಾಯಾಚಿತ್ರಗಳನ್ನು ಪ್ರಕಟಿಸುತ್ತ ಬಂದಿವೆ. 2019ರಲ್ಲಿ ಕೆಲವು ಸಂಗ್ರಾಹಕರು ಹಳೆಯ ಚಿತ್ರಗಳನ್ನೂ ಹೊಸ ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಚುಕ್ಕೆಗೆ ಚುಕ್ಕೆ ತಾಳೆ ನೋಡಿದರು. ಹಿಂದೆ ಮೊಂಡಾದ ಮೂಲೆಯೊಡನೆ ಕಡಮೆ ದರ್ಜೆಯಲ್ಲಿ ಮಾರಾಟವಾಗಿದ್ದ ಕಾರ್ಡು, ಕೆಲಕಾಲದ ಮೇಲೆ ಚೂಪು ಮೂಲೆಯೊಡನೆ ಮೇಲಿನ ದರ್ಜೆಯಲ್ಲಿ ಮರಳಿ ಪೇಟೆಗೆ ಬಂದಿತ್ತು! ಇಂತಹ ಜೋಡಿಗಳು ಒಂದೆರಡಲ್ಲ, ಹಲವಾರು ಸಿಕ್ಕವು. ಒಂದು ಕಾರ್ಡನ್ನು ಮಾತ್ರ ಕೈಯಲ್ಲಿ ಹಿಡಿದು ಎಷ್ಟು ನೋಡಿದರೂ ದೊರಕದ ಸಾಕ್ಷ್ಯ, ಅದೇ ಕಾರ್ಡಿನ ಎರಡು ಕಾಲದ ಚಿತ್ರಗಳನ್ನು ಹೋಲಿಸಿದಾಗ ದೊರಕಿತು. ನಕ್ಷತ್ರಗಳ ನಡುವೆ ಚಲಿಸುವ ಗ್ರಹವನ್ನು ಹುಡುಕಲು ಖಗೋಳಜ್ಞರು ಎರಡು ರಾತ್ರಿಗಳ ಛಾಯಾಚಿತ್ರಗಳನ್ನು ಹೋಲಿಸುವುದಿಲ್ಲವೇ? 1930ರಲ್ಲಿ ಪ್ಲೂಟೊ ಸಿಕ್ಕಿದುದು ಹಾಗೆಯೇ.

ಚೂಪಾದ ಮೂಲೆಯೆಲ್ಲ ಮೋಸವೆಂದು ತಿಳಿಯಬಾರದು. 2012ರಲ್ಲಿ ಒಹಾಯೊ ಸಂಸ್ಥಾನದ ಡಿಫೈಯನ್ಸ್ ಎಂಬ ಊರಿನಲ್ಲಿ, ಒಂದು ಮನೆಯವರು ಅಜ್ಜನ ಕಾಲದ ಅಟ್ಟವನ್ನು ಬರಿದುಮಾಡುವಾಗ ದಾರದಿಂದ ಕಟ್ಟಿದ ಸುಮಾರು 700 ಕಾರ್ಡುಗಳು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಿಕ್ಕವು. ಅವು 1910ರ ಸುಮಾರಿನವು. ಹೊಗೆಸೊಪ್ಪಿನವಲ್ಲ, ಮಿಠಾಯಿಯ ವ್ಯಾಪಾರಕ್ಕೆ ಸೇರಿದವು. ಬೆಳಕು ತಾಗದೆ, ಮಕ್ಕಳ ಕೈ ಸೋಕದೆ, ಒಂದರ ಭಾರ ಒಂದರ ಮೇಲೆ ಬಿದ್ದು ಬಾಗದೆ ಅವು ಉಳಿದಿದ್ದವು. ಅವುಗಳ ಅಂದಕ್ಕೆ ಕಾರಣ ಅವನ್ನು ಯಾರೂ ಪ್ರೀತಿಸದೆ ಹೋದದ್ದೇ! ಹುಡುಗನೊಬ್ಬನು ಜೇಬಿನಲ್ಲಿಟ್ಟು ತಿರುಗಿ, ಗೆಳೆಯರೊಡನೆ ಬದಲಾಯಿಸಿ, ದಿಂಬಿನ ಕೆಳಗಿಟ್ಟು ಮಲಗಿದ ಕಾರ್ಡಿಗೆ 1 ಅಥವಾ 2 ಅಂಕ. ನಾಲ್ಕು ವರ್ಷಗಳ ತರುವಾಯ, 2016ರಲ್ಲಿ, ಮುದುಡಿದ ಒಂದು ಕಾಗದದ ಚೀಲದಲ್ಲಿ ಟೈ ಕಾಬ್ ಎಂಬ ಮಹಾ ಆಟಗಾರರ ಹೆಸರಿನದೇ ಹೊಗೆಸೊಪ್ಪಿನ ಜಾಹೀರಾತನ್ನು ಬೆನ್ನಿನಲ್ಲಿ ಹೊತ್ತ ಏಳು ಅತಿ ವಿರಳ ಕಾರ್ಡುಗಳು ಸಿಕ್ಕಾಗ, ಆ ಚೀಲ ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು.

ಅಂಟಿನಿಂದ ಮೆತ್ತಿದ ಭಂಡಾರ

ಇನ್ನು ಬರ್ಡಿಕ್ಕರ ವಿಚಾರ. ನ್ಯೂಯಾರ್ಕ್ ಸಂಸ್ಥಾನದ ಸಿರಕ್ಯೂಸ್ ನಗರದಲ್ಲಿ, ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಜೋಡಿಸುವುದು ಅವರ ಕೆಲಸ. ಶ್ರೀಮಂತರಲ್ಲ, ಸಂಸಾರವಿರಲಿಲ್ಲ, ಸಂಧಿವಾತದಿಂದ ಬೆರಳುಗಳು ಸೆಟೆದುಕೊಂಡಿದ್ದವು. ಜನರು ಕಸವೆಂದು ಎಸೆಯುತ್ತಿದ್ದ ಬಗೆಬಗೆಯ ಅಚ್ಚಿನ ಚೀಟಿಗಳನ್ನು ಅವರು ಕೂಡಿಹಾಕಿದರು. ಸಸ್ಯಶಾಸ್ತ್ರಜ್ಞರು ಗಿಡಗಳನ್ನು ಕುಲ ಜಾತಿಗಳಾಗಿ ವಿಂಗಡಿಸುವಂತೆ, ಹೊಗೆಸೊಪ್ಪಿನವಕ್ಕೆ ‘ಟಿ’, ಮಿಠಾಯಿಯವಕ್ಕೆ ‘ಇ’ ಎಂದು ಅಕ್ಷರ ಕೊಟ್ಟು, ಮಾಲೆಮಾಲೆಗೂ ಸಂಖ್ಯೆ ಕೊಟ್ಟು, 1939ರಲ್ಲಿ ಮೊದಲ ಪಟ್ಟಿಯನ್ನು ಪ್ರಕಟಿಸಿದರು. ಇಂದು ಲಕ್ಷಾಂತರ ಡಾಲರುಗಳ ವ್ಯಾಪಾರ ನಡೆಯುವುದು ಅವರು ಕೊಟ್ಟ ಹೆಸರುಗಳಲ್ಲೇ.

1947ರಿಂದ ಅವರು ತಮ್ಮ ಸಂಗ್ರಹವನ್ನೆಲ್ಲ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಒಪ್ಪಿಸತೊಡಗಿದರು. ಮೂರು ಲಕ್ಷಕ್ಕೂ ಹೆಚ್ಚು ಚೀಟಿಗಳು. ಅವುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳು. ಅವುಗಳ ನಡುವೆ ಒಂದು ವ್ಯಾಗ್ನರ್ ಕೂಡ. ಸಂಗ್ರಹಾಲಯದಲ್ಲಿ ಮೇಜೊಂದರ ಮುಂದೆ ಕುಳಿತು, ಆ ನೋಯುವ ಬೆರಳುಗಳಿಂದಲೇ ಅವನ್ನು ಒಂದೊಂದಾಗಿ ಆಲ್ಬಮುಗಳಲ್ಲಿ ಅಂಟಿಸಿದರು. ಹೌದು, ಅಂಟು ಹಚ್ಚಿ! ಇಂದಿನ ಪರೀಕ್ಷಕರ ಲೆಕ್ಕದಲ್ಲಿ ಬೆನ್ನಿಗೆ ಅಂಟು ಮೆತ್ತಿದ ಕಾರ್ಡಿಗೆ ಕೆಳಗಿನ ದರ್ಜೆಗಳೇ ಗತಿ. ಅವರಿಗೆ ಅದು ಮಾರುವ ಸರಕಾಗಿರಲಿಲ್ಲ. ಒಂದರ ಪಕ್ಕದಲ್ಲಿ ಒಂದನ್ನು ಕ್ರಮವಾಗಿ ಇಟ್ಟು ನೋಡುವ ದಾಖಲೆಯಾಗಿತ್ತು. 1963ರ ಜನವರಿಯಲ್ಲಿ ಕೊನೆಯ ಕಾರ್ಡನ್ನು ಅಂಟಿಸಿ ಮುಗಿಸಿದರು. ಆ ವರ್ಷದ ಮಾರ್ಚಿಯಲ್ಲಿ ತೀರಿಕೊಂಡರು. ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಾಲಯದವರು ಒಂದು ತಂಡವಾದ ಮೇಲೊಂದು ತಂಡವಾಗಿ ಹೊರಗಿಟ್ಟು ಪ್ರದರ್ಶಿಸುತ್ತ ಬಂದಿದ್ದಾರೆ. ಬೆಳಕಿಗೆ ಬಣ್ಣ ಮಾಸುವುದಾದುದರಿಂದ ಯಾವುದನ್ನೂ ಬಹುಕಾಲ ಹೊರಗಿಡುವುದಿಲ್ಲ.